ಎರಡೂ ತುದಿ ಬಿಗಿದ ಶಾಫ್ಟು

ಆ ಮಧ್ಯಾಹ್ನ ಲೇತ್ ಶೆಡ್ಡಿನ ಮೇಲಿನ ಕೋಣೆಯಲ್ಲಿ ನಾವು ಮೂವರಿದ್ದೆವು. ಕಂಪ್ಯೂಟರಿನ ಮುಂದೆ ನಾನು. ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ, ಕನ್ನಡಕವನ್ನು ಹಣೆಗೇರಿಸಿಕೊಂಡು ನಮ್ಮ ಮಾಲೀಕರು. ಬಾಗಿಲ ಹತ್ತಿರ, ಕೂತ್ಕೊಳ್ಳಿ ಎಂದು ಎಷ್ಟು ಹೇಳಿದರೂ ಕೂರದೆ, ಭದ್ರಾವತಿಯ ಇಟ್ಟಿಗೆ ಕಾರ್ಖಾನೆಯ ಫೋರ್‌ಮನ್. ನೆಲದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಮುರಿದ ಶಾಫ್ಟಿನ ಒಂದು ತುಂಡನ್ನು ಮಲಗಿಸಿದ್ದರು. ಟೆಂಪೋದಲ್ಲಿ ತಂದು ನಾಲ್ಕು ಜನ ಹೊತ್ತು ಮೇಲೆ ಏರಿಸಿದ್ದ ತುಂಡು ಅದು. ಹೆಣ ಕಾಯುವವರ ಹಾಗೆ ಅದರ ಸುತ್ತ ನಾವಿದ್ದೆವು.

"ಏನಂತೆ ಮಾರಾಯ್ತಿ ನಿನ್ನ ಪೆಟ್ಟಿಗೆ?" ಎಂದರು ಮಾಲೀಕರು.

"ಇನ್ನೂ ಅರೀತಾ ಇದೆ ಸರ್."

"ಬೆಳಗ್ಗೆಯಿಂದ ಅರೀತಾನೇ ಇದೆ. ದೋಸೆ ಹಿಟ್ಟಾಗಿದ್ರೆ ಇಷ್ಟೊತ್ತಿಗೆ ಹುಳಿ ಬಂದಿರೋದು."

ಫೋರ್‌ಮನ್ ನಗಲಿಲ್ಲ. ನನಗೂ ನಗುವಷ್ಟು ತ್ರಾಣವಿರಲಿಲ್ಲ. ವಿನೋಬನಗರದ ನಮ್ಮ ಬೀದಿಗೆ ಆಗ ನಲ್ಲಿ ನೀರು ದಿನ ಬಿಟ್ಟು ದಿನ ಬೆಳಗಿನ ಜಾವಕ್ಕೆ ಬರುತ್ತಿತ್ತು. ನೀರು ಹಿಡಿದು, ಮಕ್ಕಳ ಡಬ್ಬಿ ಕಟ್ಟಿ, ಸಿಟಿ ಬಸ್ಸಿನಲ್ಲಿ ನಿಂತು ಸಾಗರ ರಸ್ತೆಯ ಕೈಗಾರಿಕಾ ವಸಾಹತಿಗೆ ಬರುವಷ್ಟರಲ್ಲಿ ನನ್ನ ಅರ್ಧ ದಿನ ಮುಗಿದಂತೆ ಅನಿಸುತ್ತಿತ್ತು. ಅದರ ಮೇಲೆ ಆ ಪರದೆ. ಹೊಸ ಶತಮಾನ ಶುರುವಾದ ಮೊದಲ ವರ್ಷಗಳು ಅವು. ಇವತ್ತಿನ ಮೊಬೈಲು ಚಿಟಿಕೆ ಹೊಡೆಯುವುದರಲ್ಲಿ ಮಾಡುವ ಕೆಲಸಕ್ಕೆ ಅಂದಿನ ಕಂಪ್ಯೂಟರು ತಿಂಡಿಯಿಂದ ಊಟದ ಹೊತ್ತಿನವರೆಗೆ ಗುರ್ ಎನ್ನುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ನಡೆದದ್ದು ಇಷ್ಟು. ಫೋರ್‌ಮನ್ ಕೆಲಸ ಮಾಡುತ್ತಿದ್ದದ್ದು ಕುಲುಮೆಯ ಒಳಗೋಡೆಗೆ ಕಟ್ಟುವ ಬೆಂಕಿ ಇಟ್ಟಿಗೆಗಳ ಒಂದು ಖಾಸಗಿ ಕಾರ್ಖಾನೆಯಲ್ಲಿ. ಅಲ್ಲಿ ಆಳೆತ್ತರದ ಒಂದು ಫ್ಯಾನು. ಆ ಫ್ಯಾನಿನ ರೆಕ್ಕೆಚಕ್ರವನ್ನು ಹೊತ್ತು ತಿರುಗುವ ಉಕ್ಕಿನ ದಂಡವೇ ಈ ಶಾಫ್ಟು. ಅದನ್ನು ಕಡೆದು ಕೊಡುತ್ತಿದ್ದವರು ನಾವು. ವರ್ಷಗಟ್ಟಲೆ ಒಂದು ಸದ್ದಿಲ್ಲದೆ ಓಡಿದ್ದ ಫ್ಯಾನು, ಆ ಚಳಿಗಾಲದಲ್ಲಿ ಒಮ್ಮೆ ಶಾಫ್ಟು ಮುರಿದುಕೊಂಡಿತು. ಹೊಸದು ಮಾಡಿಕೊಟ್ಟೆವು. ಬೇಸಿಗೆ ಬರುವುದರೊಳಗೆ ಅದೂ ಮುರಿಯಿತು, ಅದೇ ಜಾಗದಲ್ಲಿ, ಶಾಫ್ಟನ್ನು ಹೊತ್ತು ತಿರುಗಗೊಡುವ ಬೇರಿಂಗಿನ ಪಕ್ಕದಲ್ಲಿ.

ಕಾರ್ಖಾನೆಯ ಮ್ಯಾನೇಜರು ಫೋರ್‌ಮನ್ನರನ್ನು ಕರೆದು ಹೇಳಿದ್ದ ಮಾತನ್ನು ಅವರು ನಮ್ಮ ಮುಂದೆ ಹಾಗೇ ಒಪ್ಪಿಸಿದರು. "ಶಾಫ್ಟು ಸರಿಯಿಲ್ಲ ಅಂತಾದ್ರೆ ಮಾಡ್ದವರನ್ನ ಬದ್ಲಾಯಿಸ್ತೀವಿ. ಶಾಫ್ಟು ಸರಿಯಾಗಿದೆ ಅಂತಾದ್ರೆ ಕೂರ್ಸಿದವರನ್ನ ಬದ್ಲಾಯಿಸ್ತೀವಿ. ಅಷ್ಟೇ ಹೇಳಿದ್ರು ಅಮ್ಮಾ. ಕಾಫಿನೂ ಕೊಟ್ರು."

ಮಾಡಿದವರು ನಾವು. ಕೂರಿಸಿದವರು ಅವರು. ನಮ್ಮ ಶೆಡ್ಡಿಗೆ ಬೇರೆ ಕಡೆಯ ಕೆಲಸವೂ ಇತ್ತು. ಅವರಿಗೆ ಇದ್ದದ್ದು ಅದೊಂದೇ ಕೆಲಸ, ಅದರಲ್ಲೂ ಉಳಿದದ್ದು ಒಂದು ವರ್ಷ. ಆ ವರ್ಷವನ್ನು ಹೇಗಾದರೂ ದಾಟಿ, ಮರ್ಯಾದೆಯಿಂದ ಮನೆಗೆ ಹೋಗಬೇಕು ಎನ್ನುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಆಸೆ ಇದ್ದ ಹಾಗೆ ಕಾಣಲಿಲ್ಲ. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ. ನಮ್ಮ ಮಾಲೀಕರೂ ಅವರೂ ಒಂದು ಕಾಲಕ್ಕೆ ಭದ್ರಾವತಿಯಲ್ಲಿ ಒಂದೇ ಬೆಂಚಿನ ಮೇಲೆ ಅರ ಉಜ್ಜಿ ಕೆಲಸ ಕಲಿತವರು.

ಈ ಲೆಕ್ಕದ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಬೇಕು. ಕಂಪ್ಯೂಟರಿನಲ್ಲಿ ಶಾಫ್ಟಿನ ಆಕಾರ ಬರೆದು, ಅದನ್ನು ಚೂರು ಚೂರಾಗಿ ಒಡೆದು ಬಲೆಯ ಹಾಗೆ ಹೆಣೆಯುತ್ತೇವೆ. ಎಲ್ಲಿ ಎಷ್ಟು ಭಾರ ಬೀಳುತ್ತದೆ ಎಂದು ತಿಳಿಸುತ್ತೇವೆ. ಆಮೇಲೆ ಅದನ್ನು ಎಲ್ಲೆಲ್ಲಿ, ಯಾವ ಯಾವ ದಿಕ್ಕಿಗೆ ಹೋಗದಂತೆ ಹಿಡಿದಿದೆ ಎಂದು ಹೇಳಬೇಕು. ಪಾಠದಲ್ಲಿ ಇದಕ್ಕೆ ಕನ್‌ಸ್ಟ್ರೈಂಟ್ ಎನ್ನುತ್ತಿದ್ದರು. ನಾನು ಹಿಡಿತ ಎನ್ನುತ್ತಿದ್ದೆ. ಎಲ್ಲೂ ಹಿಡಿಯದೆ ಬಿಟ್ಟರೆ ಕಂಪ್ಯೂಟರು ಲೆಕ್ಕ ಮಾಡಲು ಒಪ್ಪುವುದೇ ಇಲ್ಲ. ಗಾಳಿಯಲ್ಲಿ ತೇಲುವ ವಸ್ತುವನ್ನು ತಳ್ಳಿದರೆ ಅದು ಎಲ್ಲಿ ಹೋಗಿ ನಿಂತೀತು ಎಂದು ಅದಕ್ಕೆ ತಿಳಿಯುವುದಿಲ್ಲ. ಹೆಚ್ಚು ಹಿಡಿದರೆ ಮಾತ್ರ ಗೊಣಗುವುದಿಲ್ಲ, ತಣ್ಣಗೆ ಲೆಕ್ಕ ಮಾಡಿ ಸುಳ್ಳು ಉತ್ತರ ಕೈಗಿಡುತ್ತದೆ.

ಗೋಡೆಯಲ್ಲಿ ಹೂತ ತೊಲೆಗೆ ಹಿಡಿತ ಹೇಳುವುದು ಸುಲಭ. ತಿರುಗುವ ಶಾಫ್ಟಿಗೆ ಕಷ್ಟ. ಅದು ಮೇಲೆ ಕೆಳಗೆ, ಆಚೆ ಈಚೆ ಅಲುಗಬಾರದು, ಆದರೆ ತಿರುಗಬೇಕು. ಮೋಟಾರಿನ ಕಡೆಯ ಬೇರಿಂಗು ಅದನ್ನು ಉದ್ದಕ್ಕೆ ಜಾರದಂತೆ ತಡೆಯಬೇಕು, ಇನ್ನೊಂದು ಕಡೆಯ ಬೇರಿಂಗು ಬೇಕಾದರೆ ಜಾರಿಕೋ ಎಂದು ಬಿಡಬೇಕು. ಆಯನೂರಿನ ನಮ್ಮ ಅಜ್ಜಿ, ಹೊಸ ಕರುವನ್ನು ಕಟ್ಟಲು ಹೋದ ಚಿಕ್ಕಪ್ಪನಿಗೆ ಬಯ್ಯುತ್ತಿದ್ದಳು. "ಕೊರಳಿಗೊಂದು ಹಗ್ಗ ಹಾಕು, ಸಾಕು. ತಲೆಗೂ ಕಟ್ಟಿ ಬಾಲಕ್ಕೂ ಕಟ್ಟಿದ್ರೆ ಅದು ಮಲಗೋದೆಲ್ಲಿ, ಎದ್ದೇಳೋದೆಲ್ಲಿ?" ಕಾಲೇಜಿನಲ್ಲಿ ಈ ಪಾಠ ಬಂದಾಗ ನನಗೆ ಕಣ್ಣಿಗೆ ಕಟ್ಟಿದ್ದು ಆ ಕರುವೇ.

ಆದರೂ ಮೊದಲ ಸುತ್ತಿನಲ್ಲಿ ನಾನು ಎರಡೂ ಬೇರಿಂಗಿನ ಜಾಗವನ್ನು ಎಲ್ಲ ದಿಕ್ಕಿಗೂ ಬಿಗಿಯಾಗಿ ಹಿಡಿದೇ ಲೆಕ್ಕಕ್ಕೆ ಕೂರಿಸಿದ್ದೆ. ಬಲೆ ಎಲ್ಲಾದರೂ ಹರಿದಿದೆಯೋ, ಲೆಕ್ಕ ದಡ ಮುಟ್ಟುತ್ತದೋ ಇಲ್ಲವೋ ಎಂದು ನೋಡಲು ಹಾಗೆ ಮಾಡುವುದು ವಾಡಿಕೆ. ಅನ್ನಕ್ಕೆ ಎಸರಿಡುವ ಮೊದಲು ಒಲೆ ಹತ್ತುತ್ತದೋ ನೋಡಿದ ಹಾಗೆ.

ಊಟದ ಗಂಟೆ ಹೊಡೆಯುವ ಹೊತ್ತಿಗೆ ಪರದೆಯ ಮೇಲೆ ಚಿತ್ರ ಬಂತು. ಒತ್ತಡ ಕಡಿಮೆ ಇದ್ದಲ್ಲಿ ನೀಲಿ, ಹೆಚ್ಚಿದಲ್ಲಿ ಕೆಂಪು. ಶಾಫ್ಟಿನ ಉದ್ದಕ್ಕೂ ನೀಲಿಯೇ. ಮಾಲೀಕರು ಕನ್ನಡಕ ಇಳಿಸಿಕೊಂಡು ಹತ್ತಿರ ಬಂದರು.

"ಎಲ್ಲೂ ಕೆಂಪಿಲ್ಲ?"

"ಇಲ್ಲ ಸರ್."

"ಅಂದ್ರೆ ನಮ್ಮ ಶಾಫ್ಟಲ್ಲಿ ಊನ ಇಲ್ಲ. ನಾನು ಮೊದ್ಲೇ ಹೇಳ್ಲಿಲ್ವಾ? ಪ್ರಿಂಟ್ ತೆಗಿ, ಬಣ್ಣದಲ್ಲೇ ತೆಗಿ."

ಹೇಳಿ ಮುಗಿಸಿದ ಮೇಲೆ ಅವರಿಗೆ ಬಾಗಿಲ ಹತ್ತಿರ ನಿಂತಿದ್ದವರ ನೆನಪಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೆಳಗೆ ಲೇತಿನ ಸದ್ದು ನಿಂತು, ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಕೇಳುತ್ತಿತ್ತು.

"ತೆಗೀರಿ ಅಮ್ಮಾ," ಎಂದರು ಫೋರ್‌ಮನ್. "ಇರೋದು ಇರೋ ಹಾಗೆ ತಾನೇ ಬರೋದು. ನಿಮ್ ಕಡೆ ತಪ್ಪಿಲ್ಲ ಅಂದ್ರೆ ನಂದೇ."

"ಹಾಗಲ್ಲ ಮಾರಾಯ," ಎಂದರು ಮಾಲೀಕರು. "ನಿಂದು ಅಂತ ನಾನೆಲ್ಲಿ ಅಂದೆ?"

"ನೀನು ಅನ್ಬೇಕಾ? ಮೂರನೆಯೋರು ಯಾರಿದಾರೆ ಹೇಳು."

ನಾನು ಪ್ರಿಂಟ್ ತೆಗೆಯಲಿಲ್ಲ. ಇದು ಒಲೆ ಹತ್ತಿಸಿ ನೋಡಿದ್ದು ಅಷ್ಟೇ, ಅನ್ನ ಇನ್ನೂ ಬೇಯಬೇಕು ಎಂದೆ. ಎರಡೂ ತುದಿಯನ್ನು ಗೋಡೆಗೆ ಹೂತ ಹಾಗೆ ಹಿಡಿದಿದ್ದೇನೆ, ಹಾಗೆ ಹಿಡಿದರೆ ಬಾಳೆದಿಂಡೂ ಗಟ್ಟಿಯಾಗಿ ಕಾಣುತ್ತದೆ, ನಾಳೆ ಸರಿಯಾಗಿ ಹಿಡಿದು ನೋಡುತ್ತೇನೆ ಎಂದು ಬಿಡಿಸಿ ಹೇಳಿದೆ. ಫೋರ್‌ಮನ್ ಅರ್ಥವಾದವರಂತೆ ತಲೆಯಾಡಿಸಿ, ಶಾಫ್ಟಿನ ತುಂಡನ್ನು ಅಲ್ಲೇ ಬಿಟ್ಟು, ಭದ್ರಾವತಿಯ ಬಸ್ಸಿಗೆ ಹೊರಟರು. ಮಾಲೀಕರು ಅವರಿಗೆ ಊಟ ಮಾಡಿಕೊಂಡು ಹೋಗೆಂದರು. ಹಸಿವಿಲ್ಲ ಎಂದರು ಅವರು.

ಮಾರನೆಯ ದಿನ ಹಿಡಿತಗಳನ್ನು ಬಿಚ್ಚಿ ಮತ್ತೆ ಕಟ್ಟಿದೆ. ಎರಡೂ ಬೇರಿಂಗಿನಲ್ಲಿ ಮೇಲೆ ಕೆಳಗೆ ಹೋಗುವುದನ್ನು ತಡೆದೆ, ತಿರುಗುವುದನ್ನು ತಡೆಯಲಿಲ್ಲ. ಉದ್ದಕ್ಕೆ ಜಾರುವುದನ್ನು ಮೋಟಾರಿನ ಕಡೆ ಮಾತ್ರ ತಡೆದೆ. ಆದರೆ ತಿರುಗುವುದನ್ನು ಎಲ್ಲೂ ತಡೆಯದೆ ಬಿಟ್ಟರೆ ಶಾಫ್ಟು ಲೆಕ್ಕದೊಳಗೆ ಬುಗುರಿಯಾಗಿಬಿಡುತ್ತದೆ. ಅದಕ್ಕೆ ಮೋಟಾರು ಜೋಡಿಸುವ ತುದಿಯಲ್ಲಿ ಒಂದೇ ಒಂದು ಕಡೆ ತಿರುಗದಂತೆ ಹಿಡಿದು, ರೆಕ್ಕೆಚಕ್ರ ಕೂರುವ ಜಾಗದಲ್ಲಿ ತಿರುಚುವ ಬಲ ಹಾಕಿದೆ. ಇಷ್ಟಾದ ಮೇಲೆ ಚಿತ್ರಕ್ಕೆ ಜೀವ ಬಂತು. ಚಕ್ರದ ಭಾರಕ್ಕೆ ಶಾಫ್ಟು ನಡುವಿನಲ್ಲಿ ಒಂಚೂರು ಜಗ್ಗಿತು. ಅದು ಜಗ್ಗಲೇಬೇಕು. ನಡುವೆ ಸ್ವಲ್ಪ ಹಸಿರು ಬಣ್ಣ, ಬೇರಿಂಗಿನ ಹತ್ತಿರ ನೀಲಿ.

ಈಗ ನನಗೆ ನಿಜಕ್ಕೂ ಸುಸ್ತಾಯಿತು. ತಪ್ಪು ಹಿಡಿದರೂ ಮುರಿಯುವುದಿಲ್ಲ, ಸರಿ ಹಿಡಿದರೂ ಮುರಿಯುವುದಿಲ್ಲ. ಮುರಿದದ್ದು ಮಾತ್ರ ಕಾಲ ಬುಡದಲ್ಲಿ ಬಿದ್ದಿದೆ. ಕುರ್ಚಿಯಿಂದ ಇಳಿದು ಅದರ ಪಕ್ಕ ನೆಲದ ಮೇಲೆ ಕೂತೆ. ಕೂತಿದ್ದು ಯೋಚನೆ ಮಾಡಲು ಅಂತಲ್ಲ, ಬೆನ್ನು ನೋಯುತ್ತಿತ್ತು, ಅದಕ್ಕೆ. ಹಾಗೆ ಕೂತಾಗ ಕಿಟಕಿಯ ಬೆಳಕಿನಲ್ಲಿ ಕಂಡಿತು: ಬೇರಿಂಗು ಕೂರುವ ಜಾಗದ ಉಕ್ಕಿಗೆ ಸುಟ್ಟ ಬಣ್ಣ ಬಂದಿತ್ತು. ದೋಸೆ ಕಾವಲಿಯ ಅಂಚಿಗೆ ಬರುತ್ತದಲ್ಲ, ಆ ಬಗೆಯ ಬಣ್ಣ.

ಫೋನು ಮಾಡಿದೆ. ಕಾರ್ಖಾನೆಯ ಗೇಟಿನ ಫೋನಿಗೆ ಫೋರ್‌ಮನ್ನರನ್ನು ಕರೆಸಲು ಬಹಳ ಹೊತ್ತು ಹಿಡಿಯಿತು.

"ನಿಮ್ಮ ಫ್ಯಾನು ಎಳೆಯೋ ಗಾಳಿ ಬಿಸಿ ಇರುತ್ತಾ?"

"ಇರುತ್ತಮ್ಮಾ. ಮೊದ್ಲು ಇರ್ಲಿಲ್ಲ, ಬರೀ ಧೂಳು ಎಳೀತಿತ್ತು. ದೀಪಾವಳಿ ಆದ್ಮೇಲೆ ಇಟ್ಟಿಗೆ ಸುಡೋ ಗೂಡಿನ ಬಿಸಿ ಗಾಳಿನ ಇದಕ್ಕೇ ತಿರುಗ್ಸಿದ್ರು, ಹಸಿ ಇಟ್ಟಿಗೆ ಒಣಗ್ಸೋಕೆ. ಸೌದೆ ಉಳೀತದೆ ಅಂತ."

"ಯಾರು ಹೇಳಿದ್ದು ತಿರುಗ್ಸೋಕೆ?"

"ಮೇಲಿನವರು. ಯಾಕಮ್ಮಾ?"

ಯಾಕೆ ಎಂದು ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಲೆಕ್ಕಕ್ಕೆ ಬಿಸಿಯನ್ನೂ ಸೇರಿಸಿದೆ. ಸರಿಯಾದ ಹಿಡಿತದಲ್ಲಿ ಶಾಫ್ಟು ಬಿಸಿಗೆ ಉದ್ದಕ್ಕೆ ಬೆಳೆಯಿತು, ಬಿಟ್ಟ ತುದಿಯ ಕಡೆಗೆ ಒಂಚೂರು ಜಾರಿತು, ಬೇರಿಂಗಿನ ಹತ್ತಿರ ನೀಲಿಯೇ ಉಳಿಯಿತು. ಆಮೇಲೆ, ಬೇರೆ ದಾರಿ ಕಾಣದೆ, ಉದ್ದಕ್ಕೆ ಜಾರುವುದನ್ನು ಎರಡೂ ಕಡೆ ತಡೆದು ನೋಡಿದೆ. ಬೆಳೆಯಲು ಜಾಗವಿಲ್ಲದೆ ಶಾಫ್ಟು ಎರಡೂ ಬೇರಿಂಗುಗಳನ್ನು ಒದೆಯತೊಡಗಿತು. ಬೇರಿಂಗಿನ ಪಕ್ಕ, ದಪ್ಪ ಕಡಿಮೆಯಾಗುವ ಮೆಟ್ಟಿಲಿನಲ್ಲಿ, ಕೆಂಪು ಉಂಗುರ. ಕೆಳಗೆ ಬಿದ್ದಿದ್ದ ತುಂಡನ್ನು ನೋಡಿದೆ. ಅದೇ ಜಾಗ.

ಮಾಲೀಕರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಹಾಗಾದ್ರೆ ಅವನು ಎರಡೂ ಕಡೆ ಲಾಕ್ ಮಾಡಿದಾನೆ ಅಂತೀಯ?" ಎಂದರು.

"ನಾನು ಹೇಗೆ ಹೇಳ್ಲಿ ಸರ್? ನೋಡ್ಬೇಕು."

"ನೋಡೋದು ಬೇಡ ಅನ್ಸುತ್ತೆ," ಎಂದರು ಅವರು. ಆದರೆ ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದರು.

ಖಾಸಗಿ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ದಾರಿಯುದ್ದಕ್ಕೂ ಮಾಲೀಕರು ನಿದ್ದೆ ಮಾಡಿದರೋ, ಕಣ್ಣು ಮುಚ್ಚಿದ್ದರೋ ತಿಳಿಯದು. ಕಾರ್ಖಾನೆಯ ಗೇಟಿನಲ್ಲಿ ಫೋರ್‌ಮನ್ ಕಾದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ಯಾರದೋ ಮನೆಯ ಶುಭಕಾರ್ಯಕ್ಕೆ ಬಂದ ಹಾಗೆ.

ಫ್ಯಾನಿನ ಶೆಡ್ಡಿನಲ್ಲಿ ಬೇರಿಂಗು ಕೂರುವ ಎರಕದ ಬ್ಲಾಕುಗಳನ್ನು ಬಿಚ್ಚಿಟ್ಟಿದ್ದರು. ಬ್ಲಾಕಿನೊಳಗೆ ಬೇರಿಂಗಿನ ಅಕ್ಕಪಕ್ಕ ಸ್ವಲ್ಪ ಜಾಗ ಇರುತ್ತದೆ. ಬೇರಿಂಗು ಜಾರಬಾರದು ಎಂದಿದ್ದರೆ ಆ ಜಾಗಕ್ಕೆ ಬಳೆಯಂಥ ಎರಡು ರಿಂಗು ತುಂಬಿಸಬೇಕು. ಜಾರಲಿ ಎಂದಿದ್ದರೆ ಖಾಲಿ ಬಿಡಬೇಕು. ನಾನು ಬಗ್ಗಿ ನೋಡಿದೆ. ಮೋಟಾರಿನ ಕಡೆಯ ಬ್ಲಾಕಿನಲ್ಲಿ ರಿಂಗುಗಳಿದ್ದವು. ಇನ್ನೊಂದು ಕಡೆಯ ಬ್ಲಾಕಿನಲ್ಲೂ ಇದ್ದವು.

"ಈ ಕಡೆ ರಿಂಗು ಯಾಕೆ ಹಾಕಿದ್ರಿ?" ಎಂದು ಕೇಳಿದೆ.

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಬಂದಿತ್ತಲ್ಲಮ್ಮಾ, ಹಾಕ್ದೆ. ಸ್ಟೋರಿಂದ ಬರೋ ಡಬ್ಬದಲ್ಲಿ ಎರಡು ಬ್ಲಾಕಿಗೂ ರಿಂಗು ಇರ್ತವೆ. ಬಂದಿದ್ದು ಪೂರಾ ಹಾಕ್ಬೇಕು."

"ಉಳಿಸಿದ್ರೆ?"

ನಮ್ಮ ಮಾಲೀಕರು ನಡುವೆ ಬಾಯಿ ಹಾಕಿದರು. "ನಿಂಗೆ ಗೊತ್ತಿಲ್ಲ ಮಾರಾಯ್ತಿ. ನಾವು ಕೆಲ್ಸ ಕಲಿಯೋವಾಗ ಮೆಷಿನ್ ಜೋಡ್ಸಿ ಮುಗಿದ್ಮೇಲೆ ಮೇಸ್ತ್ರಿ ಬಂದು ಮೊದ್ಲು ನೋಡ್ತಿದ್ದಿದ್ದು ಮೆಷಿನ್ನಲ್ಲ, ನಾವು ಬಿಡಿಭಾಗ ಇಟ್ಕೊಳ್ಳೋ ತಟ್ಟೆ. ತಟ್ಟೇಲಿ ಒಂದು ವಾಷರ್ ಉಳಿದಿದ್ರೂ ಕ್ಯಾಂಟೀನಲ್ಲಿ ಎಲ್ರೆದುರು ಎತ್ತಿ ತೋರ್ಸೋರು. 'ತಗೊಂಡ್ಹೋಗಿ ಹೆಂಡ್ತಿಗೆ ಮೂಗುಬಟ್ಟು ಮಾಡ್ಸು' ಅನ್ನೋರು. ನನಗಿನ್ನೂ ಮದ್ವೆನೇ ಆಗಿರ್ಲಿಲ್ಲ."

"ಇವನಿಗೆ ಅಂದಿದ್ರು," ಎಂದರು ಫೋರ್‌ಮನ್. "ನಾನು ಯಾವತ್ತೂ ಅನ್ನಿಸ್ಕೊಂಡಿಲ್ಲ. ನನ್ನ ತಟ್ಟೇಲಿ ಯಾವತ್ತೂ ಏನೂ ಉಳಿದಿಲ್ಲ."

ಆ ಮಾತನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ಹೇಳುತ್ತಿದ್ದ ಹಾಗೇ ಅವರ ಮುಖ ಬದಲಾಯಿತು. ನಾನು ಏನನ್ನು ಹುಡುಕಿಕೊಂಡು ಬಂದಿದ್ದೇನೆ ಎಂದು ಅವರಿಗೆ ಹೊಳೆದಿತ್ತು. ಬ್ಲಾಕಿನ ಅಂಚನ್ನು ಹಿಡಿದುಕೊಂಡು, "ಇದೇನಾ ಅಮ್ಮಾ?" ಎಂದರು.

"ಇದೊಂದೇ ಅಲ್ಲ," ಎಂದೆ. "ಧೂಳು ಎಳೆಯೋವಾಗಲೂ ಹೀಗೇ ಹಾಕಿದ್ರಲ್ಲ, ಏನೂ ಆಗ್ಲಿಲ್ಲ. ತಣ್ಣಗಿರೋ ಶಾಫ್ಟಿಗೆ ಎರಡು ಕಡೆ ಬಿಗಿದ್ರೂ ತಡ್ಕೊಳ್ಳುತ್ತೆ. ಬಿಸಿ ಬಂದ್ಮೇಲೆ ಬೆಳೆಯೋಕೆ ಜಾಗ ಬೇಕಿತ್ತು. ಬಿಸಿ ತಂದವರು ಅದನ್ನ ನಿಮಗೆ ಹೇಳ್ಬೇಕಿತ್ತು."

"ಹಾಕಿದ್ದು ನಾನೇ ತಾನೇ."

ಅಲ್ಲಿ ನಾನು ಸುಳ್ಳು ಹೇಳುವ ಹಾಗಿರಲಿಲ್ಲ.

ಮ್ಯಾನೇಜರ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಸೆಕೆ. ಅವರು ನನಗಿಂತ ಚಿಕ್ಕವರು, ನನ್ನಷ್ಟೇ ದಣಿದಿದ್ದರು. ಕಣ್ಣ ಕೆಳಗೆ ಕಪ್ಪು. ಚಿತ್ರಗಳನ್ನು ಒಂದೊಂದಾಗಿ ಹರಡಿ ವಿವರಿಸಿದೆ: ತಣ್ಣಗಿದ್ದಾಗ ಹೀಗೆ, ಬಿಸಿಯಾಗಿ ಒಂದು ತುದಿ ಬಿಟ್ಟಾಗ ಹೀಗೆ, ಬಿಸಿಯಾಗಿ ಎರಡೂ ತುದಿ ಬಿಗಿದಾಗ ಹೀಗೆ. ಅವರು ತಾಳ್ಮೆಯಿಂದ ಕೇಳಿದರು. ದಡ್ಡರಲ್ಲ, ನಡುವೆ ಒಂದೆರಡು ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು. ಕೊನೆಗೆ ಕಾಗದಗಳನ್ನು ಒಟ್ಟು ಮಾಡಿ ಮೇಜಿನ ಮೇಲೆ ಕುಟ್ಟಿ ಜೋಡಿಸುತ್ತ ಹೇಳಿದರು:

"ಮೇಡಮ್, ಇದು ಕಾರಣ. ನನ್ನನ್ನ ಮೇಲಿನಿಂದ ಕೇಳ್ತಿರೋದು ಕಾರಣ ಅಲ್ಲ, ಹೆಸರು. ಎರಡು ಸಲ ಉತ್ಪಾದನೆ ನಿಂತಿದೆ. ರಿಂಗು ಹಾಕಿದ್ದು ಯಾರು?"

"ನಾನೇ ಸಾರ್," ಎಂದರು ಗೋಡೆಯ ಪಕ್ಕ ನಿಂತಿದ್ದ ಫೋರ್‌ಮನ್.

ನಮ್ಮ ಮಾಲೀಕರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಇಳಿದ ದನಿಯಲ್ಲಿ ಅವರು ಹೇಳಿದರು: "ಸರ್, ಹೆಸರೇ ಬೇಕಾದ್ರೆ ಎರಡು ಬರೀಬೇಕಾಗುತ್ತೆ. ರಿಂಗು ಹಾಕಿದವನ ಹೆಸರು ಒಂದು. ಬಿಸಿ ಗಾಳಿ ತಿರುಗ್ಸಿ ಫಿಟ್ಟರಿಗೆ ಒಂದು ಮಾತು ಹೇಳದವರ ಹೆಸರು ಒಂದು. ಎರಡನೇದು ಯಾರದು ಅಂತ ನೀವೇ ಹೇಳಿ, ನಮ್ಮ ಹುಡುಗಿ ರಿಪೋರ್ಟಲ್ಲಿ ಸೇರಿಸ್ತಾಳೆ."

ಮೂವತ್ತೈದು ದಾಟಿದ ನನ್ನನ್ನು ಅವರು ಹುಡುಗಿ ಎಂದದ್ದು ಅದೇ ಮೊದಲು, ಅದೇ ಕೊನೆ. ಮ್ಯಾನೇಜರು ಕಿಟಕಿಯ ಕಡೆ ನೋಡಿದರು. ಹೊರಗೆ ಯಾರೋ ಒಡೆದ ಇಟ್ಟಿಗೆಗಳನ್ನು ಸಲಿಕೆಯಲ್ಲಿ ಎತ್ತಿ ಗಾಡಿಗೆ ತುಂಬುತ್ತಿದ್ದರು. ಗಾಳಿ ತಿರುಗಿಸುವ ಆಜ್ಞೆಗೆ ಸಹಿ ಹಾಕಿದವರು ಅವರೇ ಎಂದು ನನಗೆ ಆಗ ಅನಿಸಿತು. ಕೇಳಲಿಲ್ಲ.

"ಒಂದು ಕಡೆ ರಿಂಗು ತೆಗೆದು ಹೊಸ ಶಾಫ್ಟು ಹಾಕಿ," ಎಂದರು ಕೊನೆಗೆ. "ಮಳೆಗಾಲ ಶುರುವಾಗೋವರೆಗೆ ಓಡಿದ್ರೆ ಕಾರಣ ಬರೀತೀನಿ. ಮತ್ತೆ ಮುರಿದ್ರೆ ಹೆಸರು ಬರೀತೀನಿ. ಆಗ ನನ್ನನ್ನ ಏನೂ ಕೇಳ್ಬೇಡಿ."

ಹೊಸ ಶಾಫ್ಟು ತಯಾರಾದ ಮೇಲೆ ಕೂರಿಸುವ ದಿನ ನಾನೂ ಹೋಗಿದ್ದೆ. ಬೇರೆ ಯಾರಾದರೂ ಕೂರಿಸಲಿ ಎಂದು ಮಾಲೀಕರು ಹೇಳಿದ್ದರು, ಫೋರ್‌ಮನ್ ಒಪ್ಪಿರಲಿಲ್ಲ. ಮೋಟಾರಿನ ಕಡೆಯ ಬ್ಲಾಕು ಮುಗಿಸಿ ಈ ಕಡೆಗೆ ಬಂದರು. ಬೇರಿಂಗು ಕೂರಿಸಿದರು. ಅಕ್ಕಪಕ್ಕದ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇಷ್ಟು ಜಾಗ ಬಿಟ್ರೆ ಶಾಫ್ಟು ಓಡ್ಹೋಗಲ್ವಾ ಅಮ್ಮಾ?"

"ಆ ಕಡೆ ಹಿಡಿದಿದೀರಲ್ಲ. ಎಲ್ಲಿಗೂ ಹೋಗಲ್ಲ."

ಅವರ ಕೈಯಲ್ಲಿ ರಿಂಗುಗಳಿದ್ದವು. ಬ್ಲಾಕಿನ ಮೇಲಿನ ಮುಚ್ಚಳ ಹಾಕುವ ಮೊದಲು ಇನ್ನೊಮ್ಮೆ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಮುಚ್ಚಳ ಹಾಕಿ ಬೋಲ್ಟು ಬಿಗಿದರು. ಉಳಿದ ರಿಂಗುಗಳನ್ನು ತಟ್ಟೆಯಲ್ಲಿಟ್ಟಾಗ ಠಣ್ಣೆಂದಿತು. ಸುತ್ತ ನಿಂತಿದ್ದ ಫಿಟ್ಟರುಗಳಲ್ಲಿ ಒಬ್ಬ, "ಏನ್ ಮೇಸ್ತ್ರಿ, ಈ ವಯಸ್ಸಲ್ಲಿ ಮೂಗುಬಟ್ಟಾ? ಅದೂ ಜೋಡಿ?" ಎಂದ. ಎಲ್ಲರೂ ನಕ್ಕರು. ಅವರು ತಟ್ಟೆಯ ಮೇಲೆ ಬಟ್ಟೆ ಮುಚ್ಚಿದರು.

ಆಮೇಲೆ ಕಾಯುವುದಷ್ಟೇ ಕೆಲಸ. ದಿನಾ ಬೆಳಿಗ್ಗೆ ನಮ್ಮ ಮಾಲೀಕರು ಫೋನು ಮಾಡುತ್ತಿದ್ದರು. ಬೇರಿಂಗು ಕಾದಿದೆಯೋ ಇಲ್ಲವೋ ನೋಡಲು ಅವರಿಬ್ಬರದೂ ಹಳೆಯ ಕ್ರಮ ಒಂದೇ: ಬ್ಲಾಕಿನ ಮೇಲೆ ಅಂಗೈ ಇಟ್ಟು ಹತ್ತು ಎಣಿಸಬೇಕು. ಎಣಿಸಿ ಮುಗಿಯುವವರೆಗೆ ಕೈ ತಾಳಿಕೊಂಡರೆ ಸರಿ, ನಡುವೆ ಎಳೆದುಕೊಂಡರೆ ಮೆಷಿನ್ ನಿಲ್ಲಿಸು.

"ಎಷ್ಟಕ್ಕೆ ಬಂದೆ?" ಎಂದು ಇವರು ಕೇಳುತ್ತಿದ್ದರು.

"ಪೂರಾ ಎಣಿಸ್ದೆ," ಎಂದು ಅಲ್ಲಿಂದ.

"ತಮಿಳಲ್ಲಿ ಎಣಿಸಿದ್ಯೋ ಕನ್ನಡದಲ್ಲೋ? ತಮಿಳಲ್ಲಾದ್ರೆ ಬೇಗ ಮುಗಿಯುತ್ತೆ."

"ನೀನು ಬಂದು ಇಟ್ಟು ನೋಡು ನಿನ್ನ ಕೈ."

ಹೀಗೇ ದಿನಾ. ಮಾತು ತಮಾಷೆಯದು. ಫೋನು ಇಟ್ಟ ಮೇಲೆ ಮಾಲೀಕರು ಉಸಿರು ಬಿಡುತ್ತಿದ್ದ ರೀತಿ ತಮಾಷೆಯದಾಗಿರಲಿಲ್ಲ. ಫೋನು ಹತ್ತದ ದಿನ ಅವರು ಕೆಳಗೆ ಲೇತಿನವರ ಮೇಲೆ ವಿನಾಕಾರಣ ರೇಗುತ್ತಿದ್ದರು. ನಾನೂ ಹೊಸ ಕೆಲಸಗಳ ನಡುವೆ ಆ ಹಳೆಯ ಲೆಕ್ಕವನ್ನು ತೆರೆದು ನೋಡುತ್ತಿದ್ದೆ. ಉಕ್ಕಿನ ಮೈಯೊಳಗೆ ನನಗೆ ಗೊತ್ತಿಲ್ಲದ ಏನಾದರೂ ಇದ್ದರೆ, ನಾನು ಹಾಕಿದ ಬಿಸಿ ನಿಜವಾದ ಬಿಸಿಗಿಂತ ಕಡಿಮೆಯಾಗಿದ್ದರೆ, ಒಬ್ಬ ಮನುಷ್ಯ ಒಂದು ವರ್ಷ ಉಳಿದಿರುವಾಗ ಮನೆಗೆ ಹೋಗುತ್ತಾನೆ. ಪರದೆಯ ಮೇಲೆ ಶಾಫ್ಟು ಬೇರಿಂಗಿನ ಹತ್ತಿರ ಎಲ್ಲ ದಿನವೂ ಒಂದೇ ತೆರನಾಗಿ ನೀಲಿಯಾಗಿತ್ತು. ಅದರಿಂದ ನನಗೆ ಸಮಾಧಾನ ಸಿಗುತ್ತಿರಲಿಲ್ಲ. ಮೊದಲ ದಿನ ತಪ್ಪಾಗಿ ಹಿಡಿದಾಗಲೂ ಅದು ನೀಲಿಯಾಗಿಯೇ ಇತ್ತಲ್ಲ.

ಶಾಫ್ಟು ಮುರಿಯದೆ ಮಳೆಗಾಲ ಹಿಡಿಯಿತು. ಮ್ಯಾನೇಜರು ನಮ್ಮ ರಿಪೋರ್ಟಿನ ಇನ್ನೊಂದು ಪ್ರತಿ ಬೇಕೆಂದು ಹೇಳಿಕಳಿಸಿದರು. ಕಾರಣ ಬರೆದಿದ್ದಾರೆ ಎಂದು ನಾವು ತಿಳಿದುಕೊಂಡೆವು. ಅವರು ಬರೆದದ್ದರಲ್ಲಿ ಯಾರ ಹೆಸರೂ ಇರಲಿಲ್ಲವಂತೆ. ಅದಾದ ಮೇಲೆ ಫೋರ್‌ಮನ್ ಒಮ್ಮೆ ನಮ್ಮ ಕೋಣೆಗೆ ಬಂದಿದ್ದರು. ಅವತ್ತು ಕೂತರು. ಚಹಾ ಕುಡಿದರು. ಖುಷಿಯಾಗಿರುತ್ತಾರೆ ಎಂದುಕೊಂಡಿದ್ದೆ, ಹಾಗೇನೂ ಕಾಣಲಿಲ್ಲ.

"ಇಷ್ಟು ವರ್ಷ ಎಷ್ಟು ಮೆಷಿನ್ ಕೂರ್ಸಿದೀನಿ ಅಮ್ಮಾ," ಎಂದರು. "ಅದ್ರಲ್ಲಿ ಎಷ್ಟಕ್ಕೆ ಹಿಂಗೆ ಎರಡೂ ಕಡೆ ಬಿಗಿದಿದೀನೋ. ರಾತ್ರಿ ಮಲಗಿದ್ರೆ ಒಂದೊಂದೇ ನೆನಪಿಗೆ ಬರ್ತದೆ."

"ತಣ್ಣಗಿರೋ ಮೆಷಿನ್ನುಗಳಿಗೆ ಏನೂ ಆಗಿರಲ್ಲ," ಎಂದೆ. ಬೇರೆ ಏನಾದರೂ ಹೇಳಬೇಕಿತ್ತೇನೋ. ಅಜ್ಜಿಯಾಗಿದ್ದರೆ ಹೇಳುತ್ತಿದ್ದಳು. ಅಂದು ನನಗೆ ಬೆಳಗ್ಗೆಯಿಂದ ತಲೆನೋವು. ಮಾಲೀಕರು ಅವರ ಲೋಟಕ್ಕೆ ತಮ್ಮ ಲೋಟದ ಅರ್ಧ ಚಹಾ ಸುರಿದರು.

ಮರುವರ್ಷ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಾರ ಹಾಕಿ, ಮೈಸೂರುಪಾಕು ಹಂಚಿದರಂತೆ. ಮ್ಯಾನೇಜರು ಎರಡು ಮಾತಾಡಿದರಂತೆ. ನಮ್ಮ ಮಾಲೀಕರು ಹೋಗಿ ಶಾಲು ಹೊದಿಸಿ ಬಂದರು. ನನ್ನನ್ನೂ ಕರೆದಿದ್ದರು. ಮಗಳಿಗೆ ಜ್ವರವಿತ್ತು, ನಾನು ಹೋಗಲಿಲ್ಲ.